ಕೀವಿಲ್ಲದ ಗಾಯ

ತೊಟ್ಟಿಲಿಗೆ ಕೊಟ್ಟಿದ್ದು ನಾಲ್ಕು ಸಾವಿರ. ಅಂಗಡಿಯವನು ಆರು ಹೇಳಿದ್ದ. (ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ಸೀರೆ ಮಾರುವ ನನ್ನ ಹತ್ತಿರ ಆರು ನಡೆಯುತ್ತದೆಯೇ?) ಭದ್ರಾವತಿ ನ್ಯೂ ಟೌನಿನಲ್ಲಿರುವ ಅಕ್ಕನಿಗೆ ಮೊಮ್ಮಗ ಹುಟ್ಟಿದ್ದ, ಅದಕ್ಕೆ.

ತಿಂಗಳಾದರೂ ತೊಟ್ಟಿಲು ಖಾಲಿ. ಹೊಕ್ಕುಳಬಳ್ಳಿ ಉದುರಿದ ಮೇಲೆಯೇ ತೊಟ್ಟಿಲಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ವಾರ, ಹತ್ತು ದಿನದಲ್ಲಿ ಬೀಳಬೇಕಾದ ಬಳ್ಳಿ ಅಂಟಿಕೊಂಡೇ ಇತ್ತು.

ಹೋಗಿ ನೋಡಿದೆ. ಹೊಕ್ಕುಳ ಸುತ್ತ ಕೆಂಪಗೆ ಊದಿತ್ತು. ಮುಟ್ಟಿದರೆ ಬಿಸಿ. ಮಗು ಅಳುತ್ತಲೂ ಇರಲಿಲ್ಲ.

“ಡಾಕ್ಟ್ರಿಗೆ ತೋರ್ಸಿಲ್ವೇನೇ ಅಕ್ಕ?”

“ಗಾಬ್ರಿ ಬೀಳ್ಬೇಡ ಮಾರಾಯ್ತಿ. ಒಂದು ಹನಿ ಕೀವಿಲ್ಲ ನೋಡು! ಬಳ್ಳಿ ಬೀಳ್ಲಿ, ಹಾಕೋಣ. ನಿಂಗೆ ನಿನ್ನ ತೊಟ್ಟಿಲಿಂದೇ ಚಿಂತೆ.”

ನಿಜ, ಕೀವಿರಲಿಲ್ಲ. ಅಷ್ಟು ಊದಿದ ಗಾಯ ಅಷ್ಟು ಸುಮ್ಮನೆ ಇರುವುದನ್ನು ನಾನು ಕಂಡಿರಲಿಲ್ಲ. ಅಕ್ಕನನ್ನೂ ಮಗು-ಬಾಣಂತಿಯನ್ನೂ ಕಾರಿಗೆ ಹತ್ತಿಸಿ ಶಿವಮೊಗ್ಗಕ್ಕೆ ಕರೆತಂದೆ.

ರಕ್ತದ ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳು ವಿಪರೀತ ಜಾಸ್ತಿ.

“ಒಳ್ಳೇದೇ ಅಲ್ವಾ ಡಾಕ್ಟ್ರೇ? ಹೊಡೆದಾಡೋಕೆ ಜನ ಜಾಸ್ತಿ ಇದಾರೆ” ಎಂದೆ.

ಡಾಕ್ಟರಮ್ಮ ನಗಲಿಲ್ಲ. “ಇದಾರೆ ಅಮ್ಮ. ಯಾರೂ ಇಳೀತಿಲ್ಲ.”

ಗಾಯವಾದ ಕಡೆ ರಕ್ತನಾಳದ ಒಳಗೋಡೆ ಅಂಟಿನಂಥ ಅಣುಗಳನ್ನು ಚಾಚುತ್ತದಂತೆ. ಹರಿದುಹೋಗುವ ಬಿಳಿ ಕಣ ಅದಕ್ಕೆ ತಗುಲಿ, ಉರುಳುತ್ತಾ ನಿಧಾನವಾಗುತ್ತದೆ. ಆಮೇಲೆ ತನ್ನದೇ ಕೊಕ್ಕೆಯಿಂದ ಗೋಡೆಯನ್ನು ಗಟ್ಟಿಯಾಗಿ ಹಿಡಿದು, ಸಂದಿಯಲ್ಲಿ ನುಸುಳಿ ಗಾಯಕ್ಕಿಳಿಯುತ್ತದೆ. ಹಾಗೆ ಇಳಿದು ಸತ್ತವರ ರಾಶಿಯೇ ಕೀವು. (ನಮ್ಮ ಬಜಾರೂ ಹೀಗೇ ಅಲ್ಲವೇ? “ಬನ್ನಿ ಅಕ್ಕಾ” ಎಂದರೆ ನಡಿಗೆ ನಿಧಾನ. ಹೊಸ ಸೀರೆಯ ಸೆರಗು ಕೈಗೆ ಸಿಕ್ಕರೆ ಕಾಲು ನಿಂತಿತು. ಆಮೇಲೆ ಒಳಗೆ.) ಬಳ್ಳಿ ಉದುರುವುದಕ್ಕೂ ಇದೇ ಕಣಗಳು ಇಳಿದು ಬರಬೇಕಂತೆ. ಈ ಮಗುವಿನ ಕಣಗಳಿಗೆ ಹುಟ್ಟಿನಿಂದಲೇ ಕೊಕ್ಕೆ ಇಲ್ಲ. ಮುಂದಿನ ಟೆಸ್ಟೂ ಅದನ್ನೇ ಹೇಳಿತು.

ಈಗ ಅಂಗಡಿಯಲ್ಲಿ ಕೂತರೆ ಅದೇ ಕಣ್ಣಮುಂದೆ. ಬೀದಿ ತುಂಬ ಜನ. ಒಂದು ಅಂಗಡಿ ಹೊತ್ತಿ ಉರಿಯುತ್ತಿದೆ. ಎಲ್ಲರೂ ಅದರ ಬಾಗಿಲ ಮುಂದೆಯೇ ಹೋಗುತ್ತಾರೆ, ಸುತ್ತಿ ಬರುತ್ತಾರೆ, ಮತ್ತೆ ಹೋಗುತ್ತಾರೆ. ಯಾರ ಕಾಲೂ ನಿಲ್ಲುವುದಿಲ್ಲ. ಸದ್ದೇ ಇಲ್ಲ.

ಮಗು ದೊಡ್ಡಾಸ್ಪತ್ರೆಯಲ್ಲಿದೆ. ಅಸ್ಥಿಮಜ್ಜೆ ಬದಲಿಸಬೇಕಂತೆ. ಮಗುವಿಗೊಬ್ಬಳು ಪುಟ್ಟ ಅಕ್ಕ ಇದ್ದಾಳೆ, ಅವಳ ಮಜ್ಜೆ ಹೊಂದುತ್ತದೆಯೋ ಇಲ್ಲವೋ ಎಂದು ಕಾಯುತ್ತಿದ್ದೇವೆ. ನಿನ್ನೆ ನನ್ನ ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು: “ಒಂದು ಹನಿ ಕೀವು ಬರ್ಲಿ ಅಂತ ದೇವ್ರಿಗೆ ಹೇಳ್ಕೊತಿದೀನಿ ಕಣೇ.”

ನೀವು ಮಾತ್ರ ಕಾಯಬೇಡಿ. ಮೂರು ವಾರವಾದರೂ ಬಳ್ಳಿ ಬೀಳದಿದ್ದರೆ ತೋರಿಸಿ. ಕೆಂಪಗೆ ಊದಿದ್ದರೆ ಅವತ್ತೇ ಹೊರಡಿ. ಚೌಕಾಸಿ ತೊಟ್ಟಿಲಿಗಿರಲಿ, ದಿನಗಳಿಗೆ ಬೇಡ. ಕೀವಿಲ್ಲ ಎಂದು ಖುಷಿಪಡುವ ಮೊದಲು ಒಂದು ಮಾತು ಕೇಳಿ: ಯಾಕಿಲ್ಲ?