ಹಾಲಿನತ್ತೆಯ ಮನೆಯ ಹಾಲಿಲ್ಲದ ಟೀ

ಹಾಲಿನತ್ತೆಗೆ ಸೊಸೆ ಇರುವುದು ಒಬ್ಬಳೇ. ಆದರೆ ಇಡೀ ಬೀದಿಗೇ ಅವಳು ಅತ್ತೆ. ಮೂರು ಹಸು ಕಟ್ಟಿಕೊಂಡು ಹಾಲು ಮಾರುವವಳು. ಯಾರ ಮಗು ಕಂಡರೂ ಗಲ್ಲ ಹಿಂಡಿ, "ಏನಮ್ಮಾ, ಇದಕ್ಕೆ ಹಾಲು ಕುಡಿಸ್ತೀಯೋ, ಬರೀ ಗಾಳಿ ಕುಡಿಸ್ತೀಯೋ?" ಎಂದು ತಾಯಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ನೆಗಡಿಗೂ ಹಾಲು, ನಿದ್ದೆಗೂ ಹಾಲು, ಗಂಡ ಹೆಂಡಿರ ಜಗಳಕ್ಕೂ ಅವಳ ಮದ್ದು ಹಾಲೇ. ಊರು ಬೆಳೆದು, ಬೀದಿಯ ತುದಿಗೆ ಡೇರಿಯ ವ್ಯಾನು ಬರತೊಡಗಿದ ಮೇಲೆ ಅವಳ ದೆಸೆ ತಿರುಗಿತು. ಹಿಂದೆ ಮಾರಿ ಮಿಕ್ಕಿದ್ದು ಮನೆಗೆ ಉಳಿಯುತ್ತಿತ್ತು. ವ್ಯಾನಿನವನು ಮಿಗಿಸುವ ಪೈಕಿಯಲ್ಲ, ತಂಬಿಗೆಯ ತಳದ್ದನ್ನೂ ಬಗ್ಗಿಸಿಕೊಂಡು ಹೋಗುತ್ತಾನೆ. ತಗಡಿನ ಸೂರು ಹೋಗಿ ತಾರಸಿ ಬಂತು, ಟೀವಿ ಬಂತು, ಫ್ರಿಜ್ಜೂ ಬಂತು. ಅದರೊಳಗೆ ತಣ್ಣಗೆ ಕೂತದ್ದು ಮಾತ್ರ ನೀರಿನ ಬಾಟಲಿಗಳು. ಮನೆಮಂದಿಯೆಲ್ಲ ಹಾಲಿಲ್ಲದ ಟೀಗೆ ಬಿಸ್ಕತ್ತು ಅದ್ದಿ ತಿಂದು ಕೆಲಸಕ್ಕೆ ಏಳುತ್ತಿದ್ದರು. ಮೊನ್ನೆ ಮೊಮ್ಮಗಳನ್ನು ತಕ್ಕಡಿಯಲ್ಲಿ ಕೂರಿಸಿದ ನರ್ಸಮ್ಮ, "ವಯಸ್ಸಿಗೆ ತಕ್ಕ ತೂಕ ಇಲ್ಲ. ಮಗುಗೆ ಹಾಲು ಕೊಡ್ತಿದೀರಾ?" ಎಂದು ಅತ್ತೆಯನ್ನೇ ಕೇಳಿದಳು. ಮರುದಿನ ಬೆಳಿಗ್ಗೆ ಅತ್ತೆ ಕ್ಯಾನು ತುಂಬುವ ಮೊದಲೇ ಒಂದು ದೊಡ್ಡ ಲೋಟ ಹಾಲು ತೆಗೆದಿಟ್ಟಳು. "ಯಾಕತ್ತೆ, ಇವತ್ತು ಕಮ್ಮಿ?" ಎಂದ ವ್ಯಾನಿನವನಿಗೆ, "ನಾಳೇನೂ ಕಮ್ಮೀನೇ" ಎಂದಳು. ಕಾಯಿಸಿ ಆರಿಸಿ ಕೊಟ್ಟರೆ, ಮೊಮ್ಮಗಳು ಒಂದು ಗುಟುಕಿಗೇ ಮುಖ ಸಿಂಡರಿಸಿ, "ಅಜ್ಜಿ, ಟೀ ಹಾಕೋದು ಮರ್ತಿದೀಯ" ಎಂದಳು. ಹಾಲಿಗೆ ಹನಿ ನೀರು ಸೋಕಿಸದೆ ಬಾಳಿದ ಅತ್ತೆ, ಸೊಸೆಯ ಕಡೆ ನೋಡದೆ, ಬಣ್ಣ ಬರುವಷ್ಟು ಟೀ ಬೆರೆಸಿ ಲೋಟವನ್ನು ಮೊಮ್ಮಗಳ ಕೈಗಿತ್ತು, ತಳ ಕಾಣುವವರೆಗೂ ಎದುರಿಗೇ ಕೂತಳು.