ಅರ್ಧ ದಾರಿಯಲ್ಲಿ ಬಿಟ್ಟ ಮುದುಕಿ

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹೊಳೆಯ ಕಲ್ಲಿನ ಹಾಗೆ ಸವೆದು ನುಣ್ಣಗಾಗಿ, ಸದಾ ಬೂದಿ ಮೆತ್ತಿಕೊಂಡು ಬೆಳ್ಳಗಿರುತ್ತಿತ್ತು. ರೇಷನ್ ಅಂಗಡಿಯ ಬೆರಳೊತ್ತುವ ಮೆಷಿನ್ನು ಅವರನ್ನು ಒಪ್ಪುತ್ತಲೇ ಇರಲಿಲ್ಲ. ಒರೆಸಿ ಒತ್ತಿ, ಎಣ್ಣೆ ಹಚ್ಚಿ ಒತ್ತಿ, ಎಡಗೈಯದ್ದನ್ನೂ ಒತ್ತಿ ಕೊನೆಗೆ ಸಿಟ್ಟು ಬಂದು, "ಆಯ್ತಪ್ಪ, ಈ ಮುದುಕಿ ಹುಟ್ಟೇ ಇಲ್ಲ ಅಂತ ಬರ್ಕೋ, ಅಕ್ಕಿ ಮಾತ್ರ ಕೊಟ್ಬಿಡು" ಎಂದು ಗದರಿಸುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ಚೀಲ ಹಿಡಿದು ಜೊತೆಗೆ ಹೋಗುತ್ತಿದ್ದ ನಾನೂ ನಗುತ್ತಿದ್ದೆ.

ಮೊಳಕಾಲ್ಮೂರಿನ ಆ ಬೀದಿಯಲ್ಲಿ ಎಲ್ಲರಿಗೂ ಅವರು ಕೆಚ್ಚೋ ಅವ್ವ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದುದ್ದ ಹಾಯಿಸಿದ ಎಳೆಗಳ ಸಾಲು, ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಳೆಯ ಎಳೆಗಳ ಕೊನೆಗಳನ್ನು ಹಾಗೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಸೇರಿಸುತ್ತಾರೆ. ಅದೇ ಕೆಚ್ಚುವುದು. ಒಂದು ರೇಷ್ಮೆ ಸೀರೆಯ ಅಗಲಕ್ಕೆ ನಾಲ್ಕು ಸಾವಿರಕ್ಕೂ ಮೇಲೆ ಎಳೆ. ಎರಡು ದಿನ ಕಾಲು ಮಡಚಿ ಕೂತರೆ ಒಂದು ಹಾಸು. ಸೊಸೆ ಕಾಫಿ ತಂದಿಟ್ಟರೆ ಅದು ಆರಿ ತಣ್ಣಗಾಗುವವರೆಗೂ ಅವರಿಗೆ ನೆನಪಾಗುತ್ತಿರಲಿಲ್ಲ.

ನಾನು ಚಳ್ಳಕೆರೆಯವನು. ನಮ್ಮದು ತಲೆಮಾರುಗಳಿಂದ ಬಂದ ಬಟ್ಟೆ ಅಂಗಡಿ. ಪದವಿಯನ್ನು ಎರಡನೇ ವರ್ಷಕ್ಕೆ ಬಿಟ್ಟೆ. ಮೊಬೈಲ್ ರಿಪೇರಿ ಅಂಗಡಿ ತೆರೆದು ಏಳು ತಿಂಗಳಿಗೆ ಮುಚ್ಚಿದೆ. ಮದುವೆಗಳಿಗೆ ಡ್ರೋನ್ ಹಾರಿಸುತ್ತೇನೆಂದು ಹೊರಟು, ಪರಶುರಾಂಪುರದ ಒಂದು ಛತ್ರದ ಹುಣಸೆ ಮರಕ್ಕೆ ಅದನ್ನು ಸಿಕ್ಕಿಸಿ ವಾಪಸ್ ಬಂದೆ. "ನೀನು ಲೇ, ಬೋರ್ಡ್ ಬರೆಸೋದ್ರಲ್ಲಿ ಭಾರೀ ಹುಷಾರು, ಆಮೇಲಿಂದು ಮಾತ್ರ ಕೇಳ್ಬಾರ್ದು" ಎನ್ನುತ್ತಿದ್ದರು ಅಪ್ಪ. ಕೊನೆಗೆ, ನೇಕಾರರ ಮನೆಗಳಿಂದ ಅಂಗಡಿಗೆ ಸೀರೆ ಆರಿಸಿ ಕಳಿಸುತ್ತ ಬಿದ್ದಿರು ಎಂದು ಮೊಳಕಾಲ್ಮೂರಿಗೆ ಅಟ್ಟಿದರು. ಕೆಚ್ಚೋ ಅವ್ವನ ಮನೆಯ ಮುಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು.

ಆ ಕೋಣೆಯಲ್ಲಿ ನಾನು ಮಾಡುತ್ತಿದ್ದದ್ದನ್ನು ಹೇಳಿಕೊಳ್ಳಲು ಈಗಲೂ ಮುಖ ಬಿಸಿಯಾಗುತ್ತದೆ. ಮೂವತ್ತು ದಾಟಿದ ಗಂಡಸು, ಲ್ಯಾಪ್‌ಟಾಪಿನಲ್ಲಿ ಆಟ ಆಡುತ್ತಿದ್ದೆ. ಆಡುತ್ತಿದ್ದೆ ಎನ್ನುವುದೂ ಹೆಚ್ಚಾಯಿತು, ಶುರುಮಾಡುತ್ತಿದ್ದೆ. ಅದೊಂದು ದೊಡ್ಡ ಕಥೆಯ ಆಟ. ಮೊದಲು ನಮಗೆ ಬೇಕಾದ ಒಬ್ಬ ವ್ಯಕ್ತಿಯನ್ನು ಸೃಷ್ಟಿಸಬೇಕು. ಮಾಂತ್ರಿಕನೋ ಬಿಲ್ಲುಗಾರನೋ ಕಳ್ಳನೋ, ಗಂಡೋ ಹೆಣ್ಣೋ, ಮೂಗು ಎಷ್ಟುದ್ದ, ಹುಬ್ಬು ಎಷ್ಟು ದಪ್ಪ, ಎಲ್ಲವೂ ನಮ್ಮ ಇಷ್ಟ. ಆಮೇಲೆ ಆ ವ್ಯಕ್ತಿಯನ್ನು ಊರಿಂದೂರಿಗೆ ನಡೆಸಿಕೊಂಡು ಹೋಗಿ ಕಥೆಯ ಕೊನೆ ಮುಟ್ಟಿಸಬೇಕು. ನಾನು ಮೂಗು ತಿದ್ದುವುದಕ್ಕೇ ಒಂದು ಭಾನುವಾರ ಕಳೆಯುತ್ತಿದ್ದೆ. ಎರಡು ಊರು ದಾಟಿ ಒಂದು ನದಿಯ ದಡಕ್ಕೆ ಬರುವಷ್ಟರಲ್ಲಿ, ಅಯ್ಯೋ ಇವನನ್ನು ಬಿಲ್ಲುಗಾರ ಮಾಡಬೇಕಿತ್ತು ಅನ್ನಿಸುತ್ತಿತ್ತು. ಅವನನ್ನು ಅಲ್ಲೇ ಬಿಟ್ಟು, ಜಾಗ ಸಾಲದಿದ್ದರೆ ಹಳಬರಲ್ಲಿ ಒಬ್ಬನನ್ನು ಅಳಿಸಿ, 'ಹೊಸ ಆಟ' ಒತ್ತುತ್ತಿದ್ದೆ. ಆ ನದಿಯ ಆಚೆ ಏನಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಲವತ್ತು ಸಲವಾದರೂ ಆ ದಡಕ್ಕೆ ಹೋಗಿದ್ದೇನೆ, ಒಮ್ಮೆಯೂ ದಾಟಿರಲಿಲ್ಲ.

ಸಂಜೆ ಕಣ್ಣು ಸೋತಾಗ ಅವ್ವ ಬಂದು ನನ್ನ ಬಾಗಿಲ ಹೊಸ್ತಿಲ ಮೇಲೆ ಕೂರುತ್ತಿದ್ದರು. ಟೀವಿ ಅವರಿಗೆ ಸೇರುತ್ತಿರಲಿಲ್ಲ, ಅದರಲ್ಲಿ ಎಲ್ಲರೂ ಅಳುತ್ತಾರೆ ಎನ್ನುತ್ತಿದ್ದರು. ನನ್ನ ಪರದೆ ಅವರಿಗೆ ಹಿಡಿಸಿತು.

"ಏಮಯ್ಯಾ, ನಿನ್ನೆ ಕೆಂಪು ಸೀರೆ ಹೆಣ್ಮಗಳಿದ್ಲಲ್ಲ, ಎಲ್ಲಿ ಹೋದ್ಲು?" ಅವರ ಮನೆಮಾತು ತೆಲುಗು, ನನ್ನನ್ನು ಕರೆಯುವಾಗ ಅದು ತಾನಾಗಿಯೇ ಬರುತ್ತಿತ್ತು.

"ಅವಳನ್ನ ತೆಗೆದ್ಬಿಟ್ಟೆ ಅವ್ವಾ. ಇವನು ಹೊಸಬ."

"ತೆಗೆದ್ಬಿಟ್ಟೆ ಅಂದ್ರೆ? ಸತ್ಲಾ?"

"ಸಾಯ್ಲಿಲ್ಲ. ಸುಮ್ನೆ ಬಿಟ್ಟೆ."

"ಹಂಗಾದ್ರೆ ದಾರೀಲೇ ನಿಂತವಳೆ ಅನ್ನು, ಪಾಪ. ಊಟಗೀಟ?"

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಮಾರನೇ ದಿನವೂ ಕೇಳಿದರು, ಅದರ ಮಾರನೇ ದಿನವೂ ಕೇಳಿದರು. ನಾನು ಬಿಟ್ಟ ಒಬ್ಬೊಬ್ಬರೂ ಅವರ ನೆನಪಿನಲ್ಲಿ ಸಾಲಾಗಿ ಉಳಿದಿದ್ದರು. ಕುಂಟ ಮಾಂತ್ರಿಕ, ಗಿಡ್ಡ ಕಳ್ಳ, ಕೆಂಪು ಸೀರೆಯವಳು. ನನಗೇ ಮರೆತುಹೋದವರನ್ನು ಅವರು ಕೇಳಿದಾಗ ರೇಗಿ, "ಅವರೆಲ್ಲ ಬರೀ ಚಿತ್ರ ಅವ್ವಾ" ಎಂದೆ. "ಗೊತ್ತು ಬಿಡಪ್ಪ, ನಂಗೇನು ಬುದ್ಧಿ ಇಲ್ವಾ?" ಎಂದರು.

ಒಮ್ಮೆ ಅವರ ಕೆಲಸವನ್ನೂ ಕಲಿಯುತ್ತೇನೆಂದು ಹಟ ಹಿಡಿದೆ. ಆ ಊರಲ್ಲಿ ಕೆಚ್ಚುವವರು ಕಡಿಮೆಯಾಗಿದ್ದರು, ನನಗೂ ಹೊಸದೊಂದರ ಹುರುಪು. ಅವ್ವ ಖುಷಿಯಿಂದ ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಬೆರಳಿಗೆ ಬೂದಿ ಹಚ್ಚಿ, ಎರಡು ಎಳೆ ಹಿಡಿದು ಹೊಸೆಯುವುದನ್ನು ತೋರಿಸಿದರು. ಮೊದಲ ದಿನ ಮುನ್ನೂರು ಎಳೆ ಸೇರಿಸಿದೆ. ಎರಡನೇ ದಿನ ಬೆನ್ನು ನೋವು ಎಂದು ಹೇಳಿ ಕೊಂಡ್ಲಹಳ್ಳಿಯ ಗೆಳೆಯನ ಮನೆಗೆ ಹೋಗಿಬಿಟ್ಟೆ. ವಾಪಸ್ ಬಂದಾಗ ಅವ್ವ ನನ್ನ ಮುನ್ನೂರನ್ನೂ ಕತ್ತರಿಸಿ ಮೊದಲಿಂದ ಕೆಚ್ಚುತ್ತಿದ್ದರು.

"ಚೆನ್ನಾಗಿರ್ಲಿಲ್ವಾ ಅವ್ವಾ?"

"ಚೆನ್ನಾಗೇ ಇತ್ತು. ಒಂದೇ ಹಾಸಿನ ಮೇಲೆ ಎರಡು ಕೈ ಬಿದ್ರೆ ಬಿಗಿ ಬೇರೆ ಬೇರೆ ಆಗ್ತೈತಪ್ಪ. ಮಗ್ಗದ ಹಣಿಗೆ ಹಲ್ಲಿನ ಸಂದೀಲಿ ಎಳೆಯೋವಾಗ ಎಳೆ ಹರಿತೈತೆ. ಹಿಡಿದೋರೇ ಮುಗಿಸ್ಬೇಕು." ಬೈಯಲಿಲ್ಲ. ತಲೆ ಎತ್ತದೆ ಕೆಲಸ ಮುಂದುವರಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದಾದ ಕೆಲವು ದಿನಕ್ಕೆ, ನನ್ನನ್ನು ಸರಿಮಾಡಲೆಂದೋ ಏನೋ, "ನಂಗೂ ಒಬ್ಬಳನ್ನ ಮಾಡ್ಕೊಡು" ಎಂದರು. ಇಬ್ಬರೂ ಕೂತು ಒಬ್ಬ ಮುದುಕಿಯನ್ನು ಮಾಡಿದೆವು. ಬಿಳಿ ಕೂದಲು, ಎಡ ಮೂಗಿಗೆ ಬೊಟ್ಟು. ಕತ್ತಿ ಬೇಡ ಎಂದರು, ಕೋಲು ಕೊಡಿಸಿದರು. ಮೊದಲ ಊರಿನಲ್ಲಿ ಒಂದು ಬೀದಿನಾಯಿ ಸಿಗುತ್ತದೆ, ರೊಟ್ಟಿ ಹಾಕಿದರೆ ಹಿಂದೆ ಬರುತ್ತದೆ. ನಾನು ಯಾವತ್ತೂ ಅದನ್ನು ಗಮನಿಸಿರಲಿಲ್ಲ. ಅವ್ವ ಹಾಕಿಸಿದರು. ಆಮೇಲೆ ದಿನಾ ಹೊಸ್ತಿಲಿಗೆ ಬಂದು ಕೂತ ಕೂಡಲೇ ಮೊದಲ ಮಾತು, "ನಾಯಿಗೆ ಹಾಕಿದ್ಯಾ?"

ಹೀಗೆ ಮುದುಕಿಯೂ ನಾಯಿಯೂ ನದಿಯ ದಡಕ್ಕೆ ಬಂದರು. ದೋಣಿಯವನು ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದ. ಅದು ಬೇಕಿದ್ದರೆ ಬೆಟ್ಟ ಸುತ್ತಿ ಹೋಗಬೇಕು, ನಾಲ್ಕಾರು ದಿನ ಆಡಿದರೂ ಮುಗಿಯದ ದಾರಿ.

"ಸುತ್ತಾಕ್ಕೊಂಡೇ ಹೋಗು" ಎಂದರು ಅವ್ವ. "ನಂಬಿ ಬಂದೈತೆ, ಬಿಟ್ಟು ಹೋಗೋಕಾಗ್ತೈತಾ?"

"ನಾಳೆ ಶುರು ಮಾಡೋಣ ಅವ್ವಾ" ಎಂದೆ.

ಮಾರನೇ ದಿನ ಆಟಕ್ಕೆ ಹೊಸ ಕುಲದ ವೀರನೊಬ್ಬ ಬಂದ. ರೆಕ್ಕೆ ಇರುವವನು. ಆಟದಲ್ಲಿ ನಾವು ಮಾಡಿದವರನ್ನು ಉಳಿಸಿಕೊಳ್ಳಲು ಹತ್ತು ಜಾಗವಷ್ಟೇ ಇತ್ತು, ಹತ್ತೂ ತುಂಬಿದ್ದವು. ತಪ್ಪಿ ಅಳಿಸಿಹೋಯಿತು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಸುಳ್ಳು. ಉಳಿದ ಒಂಬತ್ತು ನನ್ನವು, ಹತ್ತನೆಯದು ಅವ್ವನದು. ಆ ಬೆಟ್ಟದ ದಾರಿ ನೆನೆದರೇ ಬೇಜಾರಾಗುತ್ತಿತ್ತು. ಪರದೆ ಕೇಳಿತು, ನಿಜಕ್ಕೂ ಅಳಿಸಬೇಕೇ ಎಂದು. ನಾನು ಹೌದು ಒತ್ತಿದೆ.

ಸಂಜೆ ಅವರು ಬರುವ ಮೊದಲೇ ಲ್ಯಾಪ್‌ಟಾಪ್ ಮುಚ್ಚಿಟ್ಟು, ಚಾರ್ಜರ್ ಕೆಟ್ಟಿದೆ, ಹೊರಗಿನ ಒಂದು ಅಂಗಡಿಯಲ್ಲಿ ಮಾತ್ರ ಚಾರ್ಜ್ ಹಾಕಬಹುದು, ಅಲ್ಲೇ ಆಡಿಕೊಂಡು ಬರುತ್ತೇನೆ ಎಂದು ಬೊಗಳೆ ಬಿಟ್ಟೆ.

"ಹೌದಾ? ಎಲ್ಲಿಗೆ ಬಂದ್ಲು ನನ್ನ ಮುದುಕಿ?"

"ನದಿ ದಾಟಿದ್ಲು ಅವ್ವಾ!"

ಹೊಸೆಯುವ ಅಭ್ಯಾಸಕ್ಕೆ ಸೆರಗಿನ ಅಂಚನ್ನು ಹೊಸೆಯುತ್ತಿದ್ದ ಅವರ ಬೆರಳು ನಿಂತವು. "ದೋಣೀಲಾ?"

"ಹೂಂ."

"ಒಬ್ಬಳೇ ದಾಟಿದ್ಲಾ?"

"ಹೂಂ ಅವ್ವಾ, ಧೈರ್ಯವಾಗಿ ದಾಟಿದ್ಲು."

"ಹೌದಾ" ಎಂದರು. ಬೆರಳು ಮತ್ತೆ ಆಡತೊಡಗಿದವು. "ಆಮೇಲೆ?"

ಆಮೇಲೆ ಏನಿದೆ ಎಂದು ನನಗೇನು ಗೊತ್ತು! ಕಟ್ಟಿ ಹೇಳಿದೆ. ಮೂರು ತಿಂಗಳು ಕಟ್ಟಿದೆ. ಆಚೆ ದಡದಲ್ಲಿ ಬಂಡೆಗಳಂತೆ, ಬಂಡೆಗಳ ನಡುವೆ ರಸ್ತೆಯಂತೆ, ಶೇಂಗಾ ಹೊಲವಂತೆ, ಕುರಿ ಹಿಂಡಂತೆ. "ಥೇಟ್ ರಾಂಪುರದ ದಾರಿ ಇದ್ದಂಗೈತಲ್ಲಪ್ಪ" ಎಂದರು ಒಮ್ಮೆ. ಸೀರೆಗೆಂದು ಓಡಾಡುವಾಗ ಕಂಡ ಆ ದಾರಿಯನ್ನೇ ನಾನು ಹೇಳುತ್ತಿದ್ದೆ, ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವರು ನಂಬಿದ ಹಾಗೇ ಇತ್ತು. ಬೀದಿಯ ಹೆಂಗಸರಿಗೆಲ್ಲ ಕೆಚ್ಚುತ್ತ ಕೆಚ್ಚುತ್ತ ಅದೇ ಕಥೆ ಹೇಳುತ್ತಿದ್ದರು. ನನ್ನ ಸುಳ್ಳಿಗೆ ಅವರ ಬಾಯಲ್ಲಿ ಅಂದ ಬರುತ್ತಿತ್ತು. ಒಳಗೆ ಕೂತು ಕೇಳುತ್ತ ನಾನು ನಾಚಿಕೆಯಿಂದ ಕುಗ್ಗುತ್ತಿದ್ದೆ, ಹೊರಗೆ ಬಂದು ಮತ್ತೊಂದು ಸುಳ್ಳು ಹೇಳುತ್ತಿದ್ದೆ.

ಅಂಗಡಿಯ ಕೆಲಸಕ್ಕೆಂದು ಒಂದು ವಾರ ಚಳ್ಳಕೆರೆಗೆ ಹೊರಟಾಗ ಅವ್ವ ಬಾಗಿಲಿಗೆ ಬಂದರು. ಆಗಲೇ ಉಸಿರಾಟ ಸರಿ ಇರಲಿಲ್ಲ, ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು.

"ಬರೋವಾಗ ಒಂದ್ಸಲ ತೋರ್ಸಪ್ಪ ನನ್ನ ಮುದುಕೀನ. ಹೆಂಗವಳೆ ನೋಡ್ತೀನಿ."

"ತೋರಿಸ್ತೀನಿ ಅವ್ವಾ, ಖಂಡಿತ."

ಬಸ್ಸಿನಲ್ಲೇ ಲೆಕ್ಕ ಹಾಕಿದೆ. ಅಂಥ ಮುದುಕಿಯನ್ನೇ ಮತ್ತೆ ಮಾಡುವುದು, ಅಂಥದ್ದೇ ಮೂಗುಬೊಟ್ಟು, ವಾರದಲ್ಲಿ ನದಿ ದಾಟಿಸುವುದು, ತೋರಿಸುವುದು. ಚಳ್ಳಕೆರೆಗೆ ಹೋಗಿ ಮಾಡಿದೆ ಕೂಡ. ಮೂರನೇ ದಿನ ಅವಳನ್ನು ಬಿಟ್ಟು ಒಬ್ಬ ಬಿಲ್ಲುಗಾರನನ್ನು ಶುರುಮಾಡಿದೆ. ಯಾಕೆ ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟೆಲ್ಲ ಬರೆಯುತ್ತಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಸುದ್ದಿ ಬಂತು. ಹಾಸಿನ ಮುಂದೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ನಾನು ಹೋಗುವಷ್ಟರಲ್ಲಿ ಹೊರಗೆ ಮಲಗಿಸಿದ್ದರು. ಸ್ನಾನ ಮಾಡಿಸಿದ್ದರೂ ಆ ಹೆಬ್ಬೆರಳಿನ ಬೂದಿ ಪೂರ್ತಿ ಹೋಗಿರಲಿಲ್ಲ. ನಾನು ಅದನ್ನೇ ನೋಡುತ್ತ ನಿಂತಿದ್ದೆ, ಮುಖ ನೋಡಲು ಆಗಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಮಗ್ಗದ ಮೇಲೆ ಆ ಹಾಸು ಹಾಗೇ ಇತ್ತು, ಅರ್ಧ ಕೆಚ್ಚಿದ್ದು. ಬೀದಿಯಲ್ಲಿ ಕೆಚ್ಚುವ ಇನ್ನೊಬ್ಬರು ತಮ್ಮ ಮಗಳ ಊರಿಗೆ ಹೋಗಿದ್ದರು. ನಾನು ಮಾಡುತ್ತೇನೆ ಎಂದೆ. ಸೊಸೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವಾ? ಎರಡ್ನೇ ದಿನಕ್ಕೇ ಓಡಿಹೋದೋರು?"

"ಈ ಸಲ ಇಲ್ಲ ಅಕ್ಕಾ."

ನಾಲ್ಕು ದಿನ ಹಿಡಿಯಿತು. ಸೊಸೆ ಎದುರಿಗೆ ಕೂತು ಎಳೆ ಬಿಡಿಸಿ ಕೊಡುತ್ತಿದ್ದರು. ಕೊನೆಯ ದಿನ ಮಧ್ಯಾಹ್ನ, ಇನ್ನು ತಡೆಯಲಾಗದೆ, "ಅಕ್ಕಾ, ಅವ್ವನಿಗೆ ನಾನೊಂದು ಸುಳ್ಳು ಹೇಳಿದ್ದೆ" ಎಂದೆ.

"ಮುದುಕಿ ವಿಷಯಾನಾ?" ಅವರು ಕೈ ನಿಲ್ಲಿಸಲಿಲ್ಲ. "ಅತ್ತೆಗೆ ಗೊತ್ತಿತ್ತಲ್ರಿ."

"ಯಾವಾಗ?"

"ನೀವು ನದಿ ದಾಟಿಸಿದ ಸಂಜೇನೇ. ಒಳಗೆ ಬಂದು ಅಂದ್ರು, 'ಪಾಪ, ಅಳಿಸಿಬಿಟ್ಟವ್ನೆ ಕಣೇ. ನಾಯಿ ಬಿಟ್ಟು ಅವಳು ದಾಟೋಳಲ್ಲ. ಹೇಳೋಕೆ ನಾಚ್ಕೆ ಆಗೈತೆ ಅವ್ನಿಗೆ.' ಆಮೇಲೆ ದಿನಾ ಕಾಯ್ತಿದ್ರು. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ."

ನಾಯಿ! ಮೂರು ತಿಂಗಳು ಕಥೆ ಕಟ್ಟಿದೆ, ಅದರಲ್ಲಿ ಕುರಿ ಬಂತು, ಶೇಂಗಾ ಬಂತು, ನಾಯಿ ಒಂದು ದಿನವೂ ಬರಲಿಲ್ಲ. ಅವರೂ ಒಂದು ದಿನವೂ ಕೇಳಲಿಲ್ಲ. ಒಮ್ಮೆ ತೋರ್ಸಪ್ಪ ಎಂದು ಬಾಗಿಲಿಗೆ ಬಂದು ನಿಂತದ್ದು ನಾನು ನಿಜ ಹೇಳಲಿ ಎಂದು. ನಾನೋ, ಖಂಡಿತ ಎಂದು ಹೇಳಿ ಬಸ್ಸು ಹತ್ತಿದೆ. ಕೈಯಲ್ಲಿದ್ದ ಎಳೆ ಹರಿಯಿತು. ಸೊಸೆ ಇನ್ನೊಂದು ಎಳೆ ಬಿಡಿಸಿ ಕೊಟ್ಟರು.

ಹಾಸನ್ನು ಹಣಿಗೆಯಲ್ಲಿ ಎಳೆದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಅವ್ವ ಕೆಚ್ಚಿದ ಅರ್ಧದಲ್ಲಿ ಒಂದು ಎಳೆಯೂ ಹರಿಯಲಿಲ್ಲ. ನನ್ನ ಅರ್ಧದಲ್ಲಿ ಮೇಲಿಂದ ಮೇಲೆ ಹರಿಯಿತು. ಹರಿದದ್ದನ್ನೆಲ್ಲ ಒಂದೊಂದಾಗಿ ಮತ್ತೆ ಕೆಚ್ಚಿದೆ. ಎದ್ದು ಹೋಗಲಿಲ್ಲ.

ಈಗ ನಾನು ಚಳ್ಳಕೆರೆಯ ಅಂಗಡಿಯಲ್ಲೇ ಇದ್ದೇನೆ. ಸುಧಾರಿಸಿಬಿಟ್ಟೆ ಎಂದು ಬರೆಯಲು ಮನಸ್ಸು ಬರುವುದಿಲ್ಲ, ಕಳೆದ ತಿಂಗಳೇ ಎರಡು ಸಲ ಬೆರಳು 'ಹೊಸ ಆಟ'ದ ಮೇಲೆ ಹೋಗಿತ್ತು. ಆದರೆ ಹತ್ತು ಜಾಗಗಳಲ್ಲಿ ಒಂಬತ್ತನ್ನು ಖಾಲಿ ಮಾಡಿದ್ದೇನೆ. ಉಳಿದದ್ದರಲ್ಲಿ ಒಬ್ಬಳು ಮುದುಕಿ, ಬಿಳಿ ಕೂದಲು, ಎಡ ಮೂಗಿಗೆ ಬೊಟ್ಟು. ದೋಣಿ ಹತ್ತದೆ ಬೆಟ್ಟ ಸುತ್ತುತ್ತಿದ್ದಾಳೆ. ದಾರಿ ಬಲು ಉದ್ದ, ಬೇಜಾರೂ ಆಗುತ್ತದೆ. ದಿನಾ ಸಂಜೆ ಅಂಗಡಿಯಿಂದ ಬಂದು ಕೂತು, ಬೇರೇನೂ ಮಾಡುವ ಮೊದಲು, ನಾಯಿಗೆ ರೊಟ್ಟಿ ಹಾಕುತ್ತೇನೆ.