ಆಕಿನ್ನ ಕೇಳ್ರಿ

ಮಗಳ ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದ ಮೇಲೆ ಮನೆಗೆ ಬಂದವರೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಮುಂದ ಏನ್ ಮಾಡಸ್ತೀರಿ?’ ಮಗಳು ಅವರ ಎದುರಿನ ಖುರ್ಚಿಯಲ್ಲೇ ಕೂತು, ಅವರೇ ತಂದ ಬಾಕರವಡಿ ತಿನ್ನುತ್ತಿರುತ್ತಿದ್ದಳು. ಒಬ್ಬರೂ ಅವಳ ಕಡೆ ತಿರುಗಿ ಕೇಳಲಿಲ್ಲ. ಅವಳ ಎರಡೂ ಕಿವಿಯ ಹಿಂದೆ ಇದ್ದ ಮಶಿನ್ನು ನೋಡಿದ ಕೂಡಲೇ ಜನರ ಮಾತು ಅವಳನ್ನು ದಾಟಿ ನನ್ನ ಹತ್ತಿರ ಬರುತ್ತದೆ. ಚಿಕ್ಕಂದಿನಿಂದ ಹೀಗೆಯೇ.

ಅವಳಿಗೆ ಕಿವಿ ಮಂದ. ಮಶಿನ್ನು ಹಾಕಿಕೊಂಡರೆ ಮಾತು ಅರ್ಧಂಬರ್ಧ ಕೇಳುತ್ತದೆ, ಉಳಿದದ್ದನ್ನು ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಎರಡೂ ಭಾಷೆಯ ತುಟಿಗಳನ್ನು ಓದುತ್ತಾಳೆ. ಮಾತಾಡುವಾಗ ಕೆಲವು ಅಕ್ಷರಗಳು ಸ್ವಲ್ಪ ದಪ್ಪ ಆಗುತ್ತವೆ, ಅಷ್ಟೇ. ಬುದ್ಧಿಗೆ ಏನೂ ಆಗಿಲ್ಲ ಎಂದು ಎಷ್ಟು ಜನರಿಗೆ ಹೇಳಿದ್ದೇನೋ. ಹೇಳಬೇಕಾಗಿ ಬಂತಲ್ಲ ಎನ್ನುವುದೇ ನನಗೆ ಸಿಟ್ಟು.

ನಾವು ಗದಗ ಕಡೆಯವರು. ಮದುವೆಯಾದಾಗಿನಿಂದ ಮರಾಠಿ ಸೀಮೆಯ ನಿಗಡಿಯಲ್ಲೇ ಇದ್ದೇವೆ. ನನ್ನ ಗಂಡ ಒಬ್ಬ ವ್ಯಾಪಾರಿಯ ಕಚೇರಿಯಲ್ಲಿ ಗುಮಾಸ್ತರು. ಆ ಬೇಸಿಗೆಯಲ್ಲಿ ನಮ್ಮ ಕನ್ನಡದವರ ಸಂಘ ಒಂದು ಭಾನುವಾರ ಸಭಾಂಗಣ ಹಿಡಿದು, ಶಾಲೆ ಮುಗಿಸಿದ ಮಕ್ಕಳಿಗೆ ‘ಮುಂದೇನು?’ ಎಂಬ ಮಾರ್ಗದರ್ಶನ ಇಟ್ಟುಕೊಂಡಿತ್ತು. ಗಂಡನಿಗೆ ಬೇರೆ ಕೆಲಸವಿತ್ತು. ಮಗಳು ತಾನೇ ಹೋಗೋಣ ಎಂದಳು. ಇಬ್ಬರೂ ಬೇಗ ಹೋಗಿ ಮೊದಲ ಸಾಲಿನಲ್ಲಿ ಕೂತೆವು. ಮುಂದೆ ಕೂತರೆ ತುಟಿ ಸರಿಯಾಗಿ ಕಾಣುತ್ತದೆ.

ಊರಿನ ಆ ತುದಿಯ ಖರಾಡಿಯಲ್ಲಿ ಕಚೇರಿ ಇಟ್ಟುಕೊಂಡ ಸಲಹೆಗಾರರೊಬ್ಬರು ಬಂದಿದ್ದರು. ಬೆಂಗಳೂರು ಕಡೆಯವರು, ಇಸ್ತ್ರಿ ಮುರಿಯದ ಅಂಗಿ, ಕಿವಿಯಿಂದ ಬಾಯಿಗೆ ಚಾಚಿದ ಸಣ್ಣ ಮೈಕು. ಪರದೆಯ ಮೇಲೆ ಚಿತ್ರಗಳು ಬಂದವು: ಡ್ರೋನ್ ಹಾರಿಸುವ ಕೆಲಸ, ಕೃತಕ ಬುದ್ಧಿಮತ್ತೆಯ ಕೆಲಸ, ಸೌರಶಕ್ತಿಯ ಕೆಲಸ. ‘ನಿಮ್ಮ ಅಪ್ಪ ಅಮ್ಮ ಕೇಳೇ ಇರದ ಜಾಬ್ಸ್ ಇವೆಲ್ಲಾ. ಬಾಗಿಲು ಎಲ್ಲರಿಗೂ ಓಪನ್ ಇದೆ’ ಎಂದರು. ದೀಪ ಆರಿಸಿದ್ದರು. ಅವರು ಅತ್ತಿಂದಿತ್ತ ನಡೆಯುತ್ತ, ಹೆಚ್ಚಿನ ಹೊತ್ತು ಪರದೆಯ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದರು. ಮಗಳು ಕೈ ಎತ್ತಿದಳು.

‘ಸರ, ಸ್ವಲ್ಪ ಈ ಕಡೆ ಮಾರಿ ಮಾಡಿ ಮಾತಾಡ್ತೀರೇನ್ರಿ? ನನಗ ತುಟಿ ಕಾಣಬೇಕು.’

‘ಓ, ಶ್ಯೂರ್ ಶ್ಯೂರ್’ ಎಂದರು. ಎರಡು ವಾಕ್ಯ ಆಗುವುದರೊಳಗೆ ಮತ್ತೆ ಬೆನ್ನು. ಅವಳು ಇನ್ನೊಮ್ಮೆ ಕೈ ಎತ್ತಲಿಲ್ಲ. ಪರದೆಯ ಮೇಲಿನ ಅಕ್ಷರ ಓದುತ್ತ ಕೂತಳು. ಎಲೆಕ್ಟ್ರಿಕ್ ಸ್ಕೂಟರಿನ ಚಿತ್ರ ಬಂದಾಗ ಮಾತ್ರ ನನ್ನ ಮೊಣಕೈ ತಿವಿದಳು.

ಎದುರು ಮನೆಯವರು ಅಂಥ ಸ್ಕೂಟರ್ ತಂದ ಮೇಲೆ ಅವಳಿಗೆ ಅದರ ಹುಚ್ಚು ಹಿಡಿದಿತ್ತು. ಅದು ಕೆಟ್ಟು ನಿಂತಾಗ ರಿಪೇರಿಗೆ ಬಂದವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ್ದಳು. ಆಮೇಲೆ ಮೊಬೈಲಿನಲ್ಲಿ, ಕೆಳಗೆ ಅಕ್ಷರ ಬರುವಂಥ ವಿಡಿಯೋಗಳನ್ನು ಹುಡುಕಿ ಹುಡುಕಿ ನೋಡಿದಳು. ಬ್ಯಾಟರಿ, ಮೋಟಾರು, ಅವುಗಳ ನಡುವಿನ ತಂತಿಗಳ ಬಗ್ಗೆ ಊಟದ ಹೊತ್ತಿಗೂ ನನಗೆ ಪಾಠ. ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಅವಳ ಕಣ್ಣು ನೋಡಿಕೊಂಡು ಹೂಂ ಅನ್ನುತ್ತಿದ್ದೆ.

ಭಾಷಣ ಮುಗಿದ ಮೇಲೆ ಸಲಹೆಗಾರರು ಮೇಜಿನ ಹಿಂದೆ ಕೂತರು. ಒಬ್ಬೊಬ್ಬರಾಗಿ ಹೋಗಿ ಕೇಳಬಹುದಿತ್ತು. ನಮ್ಮ ಸರತಿ ಬಂತು. ಅವರು ಮಗಳನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

‘ಇವ್ರಿಗೆ ಯಾವುದರಲ್ಲಿ ಇಂಟರೆಸ್ಟ್ ಇದೆ ಮೇಡಂ?’

‘ಆಕಿನ್ನ ಕೇಳ್ರಿ’ ಎಂದೆ.

ಆಗ ಅವರು ಬಾಯಿಯನ್ನು ಅಷ್ಟಗಲ ಮಾಡಿ, ಸಭಾಂಗಣಕ್ಕೆಲ್ಲ ಕೇಳುವ ಹಾಗೆ ಒಂದೊಂದೇ ಅಕ್ಷರ ಕೂಗಿದರು. ‘ನಿ-ನ-ಗೆ ಏ-ನು ಇ-ಷ್ಟ?’ ಹಾಗೆ ಕೂಗಿದರೆ ತುಟಿ ವಕ್ರವಾಗುತ್ತದೆ, ಓದಲು ಬರುವುದಿಲ್ಲ. ಆದರೂ ಮಗಳು ತಾಳ್ಮೆಯಿಂದ, ಎಲೆಕ್ಟ್ರಿಕ್ ಗಾಡಿ ರಿಪೇರಿ ಕಲಿಯಬೇಕು, ಐಟಿಐ ಸೇರಬೇಕು ಎಂದಳು.

ಅವರು ನಕ್ಕರು. ನಕ್ಕು ನನಗೇ ಹೇಳಿದರು. ‘ಮೇಡಂ, ಇಂಥ ಮಕ್ಕಳಿಗೆ ಸೇಫ್ ಅಂದ್ರೆ ಡೇಟಾ ಎಂಟ್ರಿ. ಯಾರ ಜೊತೇನೂ ಮಾತಾಡೋ ಅಗತ್ಯ ಇರಲ್ಲ. ವರ್ಕ್‌ಶಾಪ್ ಎಲ್ಲ ಆಗಲ್ಲ. ಮೆಕ್ಯಾನಿಕ್ ಅಂದ್ರೆ ಇಂಜಿನ್ ಸೌಂಡ್ ಕೇಳೇ ಪ್ರಾಬ್ಲಂ ಹೇಳ್ಬೇಕು.’

ಇದನ್ನು ಹೇಳುವಾಗ ಅವರ ತುಟಿ ಅವಳಿಗೆ ಚೆನ್ನಾಗಿ ಕಂಡಿತ್ತು.

‘ಎಲೆಕ್ಟ್ರಿಕ್ ಗಾಡಿಗೆ ಇಂಜಿನ್ನ ಇರೂದಿಲ್ರಿ, ಸರ’ ಎಂದಳು ಮಗಳು.

ಹಿಂದೆ ನಿಂತ ಹುಡುಗಿಯರು ಕಿಸಕ್ಕನೆ ನಕ್ಕರು. ಸಲಹೆಗಾರರ ಮುಖ ಕೆಂಪಾಯಿತು. ‘ತಾಯಿ ಆಗಿ ನೀವು ಸ್ವಲ್ಪ ರಿಯಲಿಸ್ಟಿಕ್ ಆಗಿರ್ಬೇಕು. ಮಗು ತಲೇಲಿ ಹೋಪ್ ತುಂಬ್ಬೇಡಿ’ ಎಂದು ನನಗೆ ಬುದ್ಧಿ ಹೇಳಿದರು.

‘ಹೋಪ್ ತುಂಬಿದವರು ನೀವ್ರಿ’ ಎಂದೆ. ನನ್ನ ದನಿ ನನಗೇ ಪರಿಚಯವಿಲ್ಲದ ಹಾಗೆ ಏರಿತ್ತು. ‘ಈಗರೆ ಬಾಗಲಾ ಎಲ್ಲಾರಿಗೂ ತೆರದದ ಅಂದ್ರಿ. ಎಲ್ಲಾರೂ ಅಂದ್ರ ಯಾರು? ನನ್ನ ಮಗಳು ಅದರಾಗ ಇಲ್ಲೇನು? ಆಕಿ ನಿಮಗ ಕನ್ನಡದಾಗ ಹೇಳಾಕತ್ತಾಳ, ನೀವು ಆಕಿ ಮಾರಿ ಸುದ್ದಾ ನೋಡವಲ್ರಿ. ಕಿವುಡು ಯಾರಿಗದ?’

ಸಂಘದ ಹಿರಿಯರೊಬ್ಬರು ಓಡಿ ಬಂದರು. ‘ಅಕ್ಕಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಪಾಪ, ಅತಿಥಿಗಳು, ದೂರದಿಂದ ಬಂದಾರ. ಹೊರಗ ಚಹಾ ಅದ, ಬರ್ರಿ.’

‘ನಮಗ ಚಹಾ ಬ್ಯಾಡ್ರಿ’ ಎಂದು ಮಗಳ ಕೈ ಹಿಡಿದು ಹೊರಬಿದ್ದೆ. ಆ ಹಿರಿಯರು ಮಗಳಿಗೆ ಒಂದು ಮಾತು ಸಮಾಧಾನ ಹೇಳಲಿಲ್ಲ. ಅವಮಾನ ಆದದ್ದು ಅತಿಥಿಗೆ ಎಂದೇ ಅವರು ತಿಳಿದರು. ಆ ಹಿರಿಯರು ಕೆಟ್ಟವರಲ್ಲ, ಗೊತ್ತು. ನನ್ನ ಸಿಟ್ಟು ಇನ್ನೂ ಆರಿಲ್ಲ.

ಮನೆಯಲ್ಲಿ ಇನ್ನೊಂದು ಜಗಳ ಕಾದಿತ್ತು. ನಡೆದದ್ದನ್ನೆಲ್ಲ ಕೇಳಿ ಗಂಡ ನಿಧಾನಕ್ಕೆ ಹೇಳಿದರು: ‘ಅವರು ಹೇಳಿದ್ದರಾಗ ತಪ್ಪೇನದ? ಗ್ಯಾರೇಜಿನ್ಯಾಗ ಹುಡುಗಿ, ಅದರಾಗೂ ಹಿಂಥಾಕಿ. ಎಸಿ ಒಳಗ ಕುಂತು ಕಂಪ್ಯೂಟರ್ ಬಡಿದ್ರ ಏನಾಗ್ತದ?’

‘ಹಿಂಥಾಕಿ ಅಂದ್ರ ಎಂಥಾಕಿ?’ ಎಂದು ನಾನು ಎಗರಿಬಿದ್ದೆ. ಸಲಹೆಗಾರರು ಹೊರಗಿನವರು. ಇವರು ಅವಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವರು. ಅದಕ್ಕೇ ಹೆಚ್ಚು ಉರಿಯಿತು. ನಮ್ಮ ದನಿ ಏರುತ್ತಿದ್ದಂತೆ ಮಗಳು ಎರಡೂ ಮಶಿನ್ನು ತೆಗೆದು ಟಿವಿಯ ಪಕ್ಕ ಇಟ್ಟು, ಕಿಟಕಿಯ ಹತ್ತಿರ ಹೋಗಿ ಕೂತಳು. ಅವಳಿಗೆ ಸಾಕಾದಾಗ ಹಾಗೆ ಮಾಡುತ್ತಾಳೆ. ಗಂಡ ಅವಳ ಬೆನ್ನು ನೋಡುತ್ತ, ‘ನನಗ ಅಂಜಿಕಿ ಆಗ್ತದ’ ಎಂದರು. ಅದು ನಿಜವಾದ ಮಾತು. ಅದಕ್ಕೆ ನಾನು ಜಗಳ ಆಡಲಿಲ್ಲ.

ಮುಂದಿನ ವಾರ ತಾಯಿ ಮಗಳು ತರಬೇತಿ ಸಂಸ್ಥೆಗೆ ಹೋದೆವು. ಪ್ರವೇಶದ ಕಿಟಕಿಯಲ್ಲಿದ್ದವರು ಮಶಿನ್ನು ನೋಡಿ ಮರಾಠಿಯಲ್ಲಿ ನನ್ನನ್ನೇ ಕೇಳಿದರು: ‘ಹಿಲಾ ಐಕೂ ಯೇತ ನಾಹೀ ಕಾ?’ ಇವಳಿಗೆ ಕೇಳಿಸುವುದಿಲ್ಲವೇ ಎಂದು. ನಾನು ಬಾಯಿ ತೆರೆಯುವ ಮೊದಲೇ ಮಗಳು ಕಿಟಕಿಗೆ ಮುಖ ಒಡ್ಡಿ, ‘ಮಲಾ ವಿಚಾರಾ ನಾ’ ಎಂದಳು. ನನ್ನನ್ನೇ ಕೇಳಿ ಎಂದು. ಅವರು ತಬ್ಬಿಬ್ಬಾಗಿ ಒಳಗಿನ ಶಿಕ್ಷಕರ ಹತ್ತಿರ ಕಳಿಸಿದರು.

ಶಿಕ್ಷಕರು ನಗಲೂ ಇಲ್ಲ, ಕನಿಕರ ತೋರಿಸಲೂ ಇಲ್ಲ. ನನಗೆ ಖುರ್ಚಿ ತೋರಿಸಿ, ಅವಳ ಎದುರು ನಿಂತು, ಅವಳನ್ನೇ ಕೇಳಿದರು: ಬ್ಯಾಟರಿಯ ಕೆಲಸದಲ್ಲಿ ಜೋರಾದ ಶಾಕ್ ಹೊಡೆಯುವ ಅಪಾಯ ಇರುತ್ತದೆ. ಮುಟ್ಟಬೇಡ ಎಂದು ಹಿಂದಿನಿಂದ ಯಾರಾದರೂ ಕೂಗಿದರೆ ಏನು ಮಾಡುತ್ತೀ? ಪ್ರಶ್ನೆ ಒರಟಾಗಿತ್ತು, ಆದರೆ ಕೇಳಲೇಬೇಕಾದ ಪ್ರಶ್ನೆ. ಮಗಳು ಯೋಚಿಸಿ ಹೇಳಿದಳು: ಕೂಗಿದರೆ ನನಗೆ ಗೊತ್ತಾಗುವುದಿಲ್ಲ. ಮಿಂಚುವ ದೀಪ ಬೇಕು. ದೀಪ ಬರುವ ತನಕ ಜೊತೆಯವರೊಬ್ಬರು ನನ್ನ ಕಣ್ಣೆದುರು ನಿಲ್ಲಬೇಕು, ಅವರ ಕೈ ನೋಡದೆ ನಾನು ಏನನ್ನೂ ಮುಟ್ಟುವುದಿಲ್ಲ.

ಅವರು ತಲೆ ಆಡಿಸಿದರು. ದೀಪಕ್ಕೆ ಮೇಲಿನವರು ಬೇಗ ಒಪ್ಪುವುದಿಲ್ಲ, ನೀನೇ ಬೆನ್ನು ಹತ್ತಬೇಕು ಎಂದರು. ಪ್ರವೇಶ ಸಿಕ್ಕಿತು. ದೀಪ ಮಾತ್ರ ಅವಳು ಕಲಿತು ಮುಗಿಸುವ ತನಕ ಬರಲೇ ಇಲ್ಲ. ಕೇಳಿದಾಗಲೆಲ್ಲ ‘ಪುಢಚ್ಯಾ ಮಹಿನ್ಯಾತ’, ಮುಂದಿನ ತಿಂಗಳು. ಸಂಸ್ಥೆಯ ವಾರ್ಷಿಕ ಸಮಾರಂಭಕ್ಕೆ ಕಟ್ಟಡದ ತುಂಬ ಬಣ್ಣದ ದೀಪದ ಸರ ಹಾಕಿದ್ದನ್ನು ನೋಡಿ ನಾನು ಗೇಟಿನಲ್ಲೇ ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಜೊತೆಯವರ ಕೈ ನೋಡಿಕೊಂಡೇ ಅವಳು ಎಲ್ಲ ಕಲಿತಳು.

ಈಗ ಅವಳು ಖರಾಡಿಯ ಒಂದು ಸರ್ವಿಸ್ ಸೆಂಟರಿನಲ್ಲಿದ್ದಾಳೆ. ಸೇರಿದ ಹೊಸದರಲ್ಲಿ ಅಲ್ಲಿಯ ವ್ಯವಸ್ಥಾಪಕರು ಅವಳಿಗೆ ಗಾಡಿ ಕೊಡದೆ, ಒರೆಸುವ, ತೊಳೆಯುವ ಕೆಲಸಕ್ಕೇ ಹಚ್ಚಿದರು. ಒಂದು ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನು ಮೂಲೆಗೆ ಎಸೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಾಡಿದಳು. ‘ಅವ್ವಾ, ನಾ ಕಲತದ್ದು ಗಾಡಿ ತೊಳ್ಯಾಕೇನ?’ ಅವಳು ಹಾಗೆ ಸಿಟ್ಟು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಯ ತನಕ ಸಿಟ್ಟಾಗುವ ಕೆಲಸ ನಾನೇ ಮಾಡುತ್ತಿದ್ದೆ.

ಗಂಡ ಅಂಗಿ ತೊಟ್ಟುಕೊಂಡು ಎದ್ದರು. ‘ನಡಿ, ಈಗ ಹೋಗೋಣು. ಅವಾ ಏನ್ ತಿಳ್ಕೊಂಡಾನ?’

‘ನೀವು ಬರಬ್ಯಾಡ್ರಿ, ಅಪ್ಪಾ. ನೀವು ಬಂದ್ರ ಅವರು ನಿಮ್ಮ ಜೋಡಿನ ಮಾತಾಡ್ತಾರ’ ಎಂದಳು.

ಮರುದಿನ ತಾನೇ ಮಾತಾಡಿದಳು. ಏನು ಅಂದಳೋ ನನಗೆ ಪೂರ್ತಿ ಹೇಳಿಲ್ಲ. ಮರಾಠಿಯಲ್ಲಿ ಜೋರಾಗಿಯೇ ಆಯಿತು ಎಂದಷ್ಟೇ ಗೊತ್ತು. ಆ ವಾರದಿಂದ ಅವಳಿಗೆ ಗಾಡಿ ಕೊಡುತ್ತಿದ್ದಾರೆ. ಕೆಲವು ಗಿರಾಕಿಗಳು ಈಗಲೂ ಅವಳನ್ನು ಕಂಡು ಬೇರೆಯವರನ್ನು ಕರೆಯಿರಿ ಎನ್ನುತ್ತಾರಂತೆ. ಸಂಜೆ ಬಂದು ಅವರ ಮುಖ ಹೇಗಿತ್ತು ಎಂದು ಅಣಕಿಸಿ ತೋರಿಸುತ್ತಾಳೆ. ಗಂಡ ನಗುತ್ತಾರೆ. ನನಗೆ ನಗು ಬರುವುದಿಲ್ಲ. ರೊಟ್ಟಿ ತಟ್ಟುವ ಕೈ ಜೋರಾಗುತ್ತದೆ.